ಕೆಂಡಣಬೆಯ ಮೂರು ದಿನ

ಒಂದೊಂದು ಊರಿಗೆ ಒಂದೊಂದು ಕಟ್ಟಳೆ. ಕೆಲವು ಊರುಗಳದು ನೀರಿನ ಕಟ್ಟಳೆ, ಕೆಲವು ಊರುಗಳದು ಸತ್ತವರ ಕಟ್ಟಳೆ. ಹುಲ್ಲುಬೆಟ್ಟದ ಮಗ್ಗುಲಲ್ಲಿದ್ದ ಈ ಊರಿನದು ಬೆಂಕಿಯ ಕಟ್ಟಳೆ.

ಊರಿಗೆ ಬೆಂಕಿ ಬಿದ್ದರೆ, ಬಿದ್ದ ಬೆಂಕಿ ಆರಿದ ಮೇಲೆ ಯಾವ ಮನೆಯಲ್ಲೂ ಒಲೆ ಹೊತ್ತಿಸುವಂತಿಲ್ಲ. ದೀಪ ಹಚ್ಚುವಂತಿಲ್ಲ. ದೇವರ ಮುಂದೆ ಊದುಬತ್ತಿಯೂ ಇಲ್ಲ. ಸುಟ್ಟ ನೆಲದ ಮೇಲೆ ಮೊದಲ ಮಳೆ ಬೀಳಬೇಕು, ಬೂದಿ ನೆನೆಯಬೇಕು, ನೆನೆದ ಬೂದಿಯೊಳಗಿಂದ ಕೆಂಡಣಬೆ ಏಳಬೇಕು. ಬೆಂಕಿ ಹಚ್ಚಿದವರು ಯಾರೋ ಅವರು ಊರೆದುರು ಬಂದು ಆ ಮೊದಲ ಅಣಬೆಯನ್ನು ತಿನ್ನಬೇಕು. ತಿಂದು, ಸುಟ್ಟ ನೆಲದ ಮೇಲೇ ನಡೆದು, ಬೆಟ್ಟ ಹತ್ತಿ ಆಚೆ ಇಳಿದುಬಿಡಬೇಕು. ಒಬ್ಬರೇ ಹೋಗಬೇಕು. ತಿರುಗಿ ನೋಡಬಾರದು, ತಿರುಗಿ ಬರಬಾರದು. ಅವರು ನುಂಗಿದ ಮೇಲೆಯೇ ಊರಿನ ಒಲೆಗಳಿಗೆ ಬೆಂಕಿ.

ಅಣಬೆಯ ಆಯಸ್ಸು ಮೂರು ದಿನ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಯಾರೂ ತಿನ್ನದಿದ್ದರೆ ಅದು ಕರಗಿ ಬೂದಿಯಾಗುತ್ತದೆ. ಆಮೇಲೆ ಆ ಊರಿನಲ್ಲಿ ಒಲೆ ಹೊತ್ತುವುದೇ ಇಲ್ಲ ಎನ್ನುತ್ತಾರೆ. ಹಾಗೆ ಆದದ್ದನ್ನು ಕಂಡವರಿಲ್ಲ. ಪ್ರತಿ ಸಲವೂ ಯಾರಾದರೊಬ್ಬರು ತಿಂದಿದ್ದಾರೆ.

ಸುಟ್ಟ ನೆಲವನ್ನು ಕಾಯುವುದಕ್ಕೆ ಊರಿನಲ್ಲಿ ಒಬ್ಬಳಿದ್ದಳು. ಅವಳನ್ನು ಬೂದಿ ಕಾಯುವವಳು ಎನ್ನುತ್ತಿದ್ದರು. ಅತ್ತೆಯಿಂದ ಸೊಸೆಗೆ ಬಂದ ಕೆಲಸ ಅದು. ಅವಳ ಕೈಗೆ ಬಂದಾಗ ತಲೆ ಕಪ್ಪಗಿತ್ತು, ಈಗ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸುಟ್ಟ ನೆಲದ ಸುತ್ತ ಸುಣ್ಣದ ಗೆರೆ ಎಳೆಯುವವಳು ಅವಳು. ಕೋಲು ಹಿಡಿದು ಮೇಕೆ, ಕೋಳಿ, ಮಕ್ಕಳನ್ನು ಗದರಿಸುವವಳು ಅವಳು. ಬೂದಿಯ ಮೇಲೆ ಅವಳ ಬರಿಗಾಲಿನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಬೀಳುವಂತಿರಲಿಲ್ಲ. ಅಣಬೆ ಎದ್ದಾಗ ಕೂಗುವವಳು ಅವಳು. ಮೂರನೆಯ ದಿನ ಊರೆದುರು ನಿಂತು, ‘ಹಚ್ಚಿದವರು ಯಾರು?’ ಎಂದು ಮೂರು ಸಲ ಕೇಳುವವಳೂ, ‘ನಾನು’ ಎಂದು ಮೂರು ಸಲ ಒಪ್ಪಿದವರ ಬಾಯಿಗೆ ಅಣಬೆ ಇಡುವವಳೂ ಅವಳೇ.

ಈ ಸಲದ ಬೆಂಕಿ ಗಾಳಿಯ ದಿನ ಬಿತ್ತು. ಅರ್ಧ ಬೆಟ್ಟದ ಹುಲ್ಲು ಹೋಯಿತು. ಮೇಲಿನ ಕೇರಿಯ ಹನ್ನೊಂದು ಮನೆ ಹೋದವು. ಒಂದು ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಕಟ್ಟಿದ್ದ ನಾಲ್ಕು ಕರು ಹೋದವು. ಎಂಟನೆಯ ದಿನ ಮಳೆ ಬಂತು. ಬಂದ ಮಳೆ ನಿಂತರೂ ಮೋಡ ಕದಲಲಿಲ್ಲ. ಬಿಸಿಲು ಕಾಣದೆ ಊರು ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಜನ ನೆನೆಸಿದ ಅವಲಕ್ಕಿ ತಿಂದರು, ನೆನೆಸಿದ ಹೆಸರುಕಾಳು ತಿಂದರು, ಸೌತೆಕಾಯಿ ಕಚ್ಚಿ ತಿಂದರು. ತಣ್ಣನೆಯದನ್ನು ತಿಂದು ತಿಂದು ಅವರ ಮಾತೂ ತಣ್ಣಗಾಯಿತು.

ಹನ್ನೊಂದನೆಯ ದಿನ ಬೆಳಗಿನ ಜಾವ, ಸುಟ್ಟ ಕೊಟ್ಟಿಗೆಯ ಗೂಟದ ಬುಡದಲ್ಲಿ, ಬೂದಿ ಕಾಯುವವಳು ಅದನ್ನು ಕಂಡಳು. ಉಗುರಿನಗಲದ ಬಟ್ಟಲು. ಕಪ್ಪು ಬೂದಿಯಲ್ಲಿ ಊದಿದ ಕೆಂಡದ ಹಾಗೆ ಕೆಂಪು. ಮುಟ್ಟಿದರೆ ತಣ್ಣಗಿತ್ತು.

ಸುತ್ತ ಯಾರೂ ಇರಲಿಲ್ಲ. ಅವಳು ಬಲಗಾಲನ್ನು ಎತ್ತಿ ಅದರ ಮೇಲೆ ಹಿಡಿದಳು. ಕಾಲಿಟ್ಟರೆ ಮುಗಿಯಿತು. ಏಳಲೇ ಇಲ್ಲ ಅಂದರಾಯಿತು. ಬೂದಿ ಕಾಯುವವಳ ಮಾತಿಗೆ ಎದುರು ಮಾತು ಎಲ್ಲಿಂದ ಬರಬೇಕು?

ಯಾಕೆಂದರೆ ಈ ಸಲ ಬೆಂಕಿ ಹಚ್ಚಿದವರು ಯಾರೆಂದು ಅವಳಿಗೆ ಗೊತ್ತಿತ್ತು.

ಗಾಳಿಯ ದಿನ ಅವಳ ಸೊಸೆಗೆ ನೋವು ಬಂತು. ಗಾಳಿ ಇದೆ, ಯಾರೂ ಒಲೆ ಹಚ್ಚಬೇಡಿ ಎಂದು ಬೆಳಿಗ್ಗೆಯೇ ಡಂಗುರ ಹೊಡೆದಿದ್ದರು. ಮಗ ಕುರಿಮಂದೆಯ ಹಿಂದೆ ದೂರ ಹೋಗಿದ್ದ. ಸೂಲಗಿತ್ತಿ ಬಂದವಳು, ‘ಬಿಸಿನೀರಿಲ್ಲದೆ ನನ್ನ ಕೈಲಿ ಆಗಲ್ಲ’ ಎಂದು ಬಾಗಿಲು ಹಾಕಿ ಒಲೆ ಹೊತ್ತಿಸಿದಳು. ನೀರು ಕಾಯಿತು. ಗಂಡು ಕೂಸು ಬಂತು. ಅಲ್ಲಿಗೆ ನಿಂತಿದ್ದರೆ ಯಾವ ಕೇಡೂ ಇರಲಿಲ್ಲ. ಆದರೆ ಹೆರಿಗೆಯ ನೀರು ಕಾಯಿಸಿದ ಒಲೆಯ ಬೂದಿಯನ್ನು ಮನೆಯ ಹಿರಿಯ ಹೆಂಗಸು ಹಿತ್ತಲಿಗೆ ಒಯ್ದು ನಾಲ್ಕು ದಿಕ್ಕಿಗೆ ತೂರುವುದು ಈ ಊರಿನ ಪದ್ಧತಿ. ಬಿಸಿಯಿರುವಾಗಲೇ ತೂರಬೇಕು, ಆರಿದ ಬೂದಿಗೆ ಯಾವ ಪೀಡೆಯೂ ಹೆದರುವುದಿಲ್ಲ. ಮೊಮ್ಮಗನ ಮುಖ ನೋಡಿದ ಖುಷಿಯಲ್ಲಿ ಅವಳಿಗೆ ಗಾಳಿ ಮರೆತುಹೋಯಿತು. ಕೈಗೆ ಗೊತ್ತಿದ್ದ ಕೆಲಸವನ್ನು ಕೈ ಮಾಡಿತು. ಮಡಕೆಯ ಚೂರಿನಲ್ಲಿ ಬೂದಿ ತುಂಬಿಕೊಂಡು ಹೋಗಿ ಮೂಡಲಿಗೆ ತೂರಿದಳು, ಪಡುವಲಿಗೆ ತೂರಿದಳು, ತೆಂಕಲಿಗೆ ತೂರಿದಳು. ಬಡಗಲಿಗೆ ತೂರಿದಾಗ ಬೂದಿಯೊಳಗೆ ಒಂದು ಕಿಡಿ ಕಣ್ಣು ಬಿಟ್ಟಿತು, ಬೇಲಿ ಹಾರಿತು, ಬೆಟ್ಟದ ಹುಲ್ಲಿಗೆ ಇಳಿಯಿತು. ಅವಳು ನೋಡುತ್ತ ನಿಂತಳು. ಬಾಗಿಲಲ್ಲಿ ನಿಂತಿದ್ದ ಸೂಲಗಿತ್ತಿಯೂ ನೋಡಿದಳು.

ಆಮೇಲೆ ಕೇಳಿದವರಿಗೆ ಇಬ್ಬರೂ ಒಂದೇ ಮಾತು ಹೇಳಿದರು: ‘ನೀರು ನಸುಕಿಗೇ ಕಾಯಿಸಿ ಇಟ್ಟಿದ್ದೆವು.’

ಈಗ ಎತ್ತಿದ ಕಾಲು ಎತ್ತಿದಂತೆಯೇ ಇತ್ತು. ಮನೆಯಲ್ಲಿ ಹನ್ನೊಂದು ದಿನದ ಕೂಸು ತಣ್ಣಗೆ ಮಲಗಿತ್ತು. ಬಾಣಂತಿಗೆ ಬಿಸಿನೀರಿಲ್ಲ, ಕೂಸಿಗೆ ಕಾವಿಲ್ಲ. ಬಿಸಿಲಿಗೆ ಹಿಡಿಯೋಣವೆಂದರೆ ಬಿಸಿಲೂ ಇಲ್ಲ. ಅಣಬೆ ಏಳದಿದ್ದರೆ ಒಲೆ ಹೊತ್ತುವುದಿಲ್ಲ. ಒಲೆ ಹೊತ್ತದಿದ್ದರೆ ಆ ಕೂಸು ಉಳಿಯುವುದಿಲ್ಲ.

ಅವಳು ಕಾಲನ್ನು ಪಕ್ಕಕ್ಕೆ ಇಟ್ಟಳು. ಅಣಬೆಯ ಮೇಲೆ ಬುಟ್ಟಿ ಕವುಚಿದಳು. ಊರಿನ ಕಡೆ ಮುಖ ಮಾಡಿ ಮೂರು ಸಲ ಕೂಗಿದಳು:

“ಎದ್ದಿತೋ! ಎದ್ದಿತೋ! ಎದ್ದಿತೋ!”

ಹೊತ್ತು ಮಾರುದ್ದ ಏರುವುದರೊಳಗೆ ಊರೆಲ್ಲ ಸುಣ್ಣದ ಗೆರೆಯ ಆಚೆ ನೆರೆಯಿತು. ಊರಿನ ಯಜಮಾನ ಕಂಬಳಿ ಹೊದ್ದು ಬಂದು ಗೆರೆಯ ಹತ್ತಿರದ ಕಲ್ಲಿನ ಮೇಲೆ ಕುಳಿತ.

“ಎದ್ದೈತೆ. ಮೂರು ದಿನ ಐತೆ,” ಎಂದ. “ಹಚ್ಚಿದೋರು ಮುಂದೆ ಬಂದರೆ ಇವತ್ತೇ ಮುಗಿಸಿಬಿಡಬಹುದು. ಎಲ್ಲರ ಮನೇಲೂ ಮುದುಕರು ಮಕ್ಕಳು ಅವ್ರೆ.”

ಯಾರೂ ಮುಂದೆ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

“ಗಾಳಿಯ ದಿನ ನಮ್ಮ ಮನೇಲಿ ಬೀಡಿ ಕೂಡ ಹಚ್ಚಿಲ್ಲಪ್ಪ,” ಎಂದ ಒಬ್ಬ.

“ನಿನ್ನ ಹೆಂಡತಿ ಹಚ್ಚಿದ ಜಗಳ ಮಾತ್ರ ಆವತ್ತಿಂದ ಆರಿಲ್ಲ,” ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ. ಕೆಲವರು ನಕ್ಕರು. ನಗು ಬೇಗ ಆರಿತು.

ಕರುಗಳನ್ನು ಕಳೆದುಕೊಂಡವನು ಎದ್ದು ನಿಂತ. “ಸುತ್ತಿ ಬಳಸಿ ಯಾಕೆ? ಹಗಲೂ ರಾತ್ರಿ ಹೊಗೆ ಎಬ್ಬಿಸೋನು ಬೆಟ್ಟದ ಮೇಲೆ ಒಬ್ಬನೇ. ಬೆಂಕಿ ಬಂದದ್ದು ಬೆಟ್ಟದಿಂದ. ಇನ್ಯಾರನ್ನ ಕೇಳ್ತೀರಿ?”

ಎಲ್ಲರೂ ಇದ್ದಿಲು ಸುಡುವವನ ಕಡೆ ತಿರುಗಿದರು. ಅವನು ಊರಿನಾಚೆ ಬೆಟ್ಟದ ಮೇಲೆ ಕಟ್ಟಿಗೆ ಪೇರಿಸಿ, ಮಣ್ಣು ಮೆತ್ತಿ, ಗೂಡು ಕಟ್ಟಿ ಇದ್ದಿಲು ಮಾಡುತ್ತಿದ್ದವನು. ಹೆಂಡತಿಯ ಜೊತೆ ಜನರಿಂದ ನಾಲ್ಕು ಮಾರು ದೂರ ನಿಂತಿದ್ದ. ಅವನು ಯಾವಾಗಲೂ ನಾಲ್ಕು ಮಾರು ದೂರವೇ ನಿಲ್ಲುತ್ತಿದ್ದ.

“ಗಾಳಿಯ ಹಿಂದಿನ ದಿನವೇ ಗೂಡು ಆರಿಸಿದ್ದೆ ಯಜಮಾನ್ರೇ,” ಎಂದ. “ಇದ್ದಿಲು ಸುಡೋನಿಗೆ ಗಾಳಿ ಗೊತ್ತಾಗದಿದ್ರೆ ಇನ್ಯಾರಿಗೆ ಗೊತ್ತಾಗತ್ತೆ?”

“ಆರಿಸಿದ್ದನ್ನ ಕಂಡೋರು ಯಾರು?” ಎಂದು ಕೇಳಿದ ಯಜಮಾನ.

“ನನ್ನ ಹೆಂಡತಿ.”

“ಅವಳಿಗೆ ಕಿವಿ ಕೇಳಲ್ಲ.”

“ಕಣ್ಣು ಕಾಣತ್ತಲ್ಲ.”

ಯಜಮಾನ ಕಂಬಳಿ ಸರಿಪಡಿಸಿಕೊಂಡ. ಬೂದಿ ಕಾಯುವವಳು ಬುಟ್ಟಿಯ ಪಕ್ಕ ಕೋಲೂರಿ ನಿಂತಿದ್ದಳು. ಕೋಲಿನಷ್ಟೇ ನೆಟ್ಟಗೆ, ಕೋಲಿನಷ್ಟೇ ಮೂಕಿಯಾಗಿ ನಿಂತಿದ್ದಳು. ‘ನಾನು ಹಚ್ಚಲಿಲ್ಲ’ ಎಂದು ಒಳಗೊಳಗೇ ಹೇಳಿಕೊಂಡಳು. ‘ಒಲೆ ಹೊತ್ತಿಸಿದ್ದು ಸೂಲಗಿತ್ತಿ. ಕಿಡಿ ಒಯ್ದದ್ದು ಗಾಳಿ. ಉರಿದದ್ದು ಹುಲ್ಲು. ನಾನು ಬೂದಿ ತೂರಿದೆ, ಅಷ್ಟೆ.’

ಎರಡನೆಯ ದಿನ ಅಣಬೆ ದೊಡ್ಡದಾಯಿತು. ಬಟ್ಟಲಿನ ಅಂಚು ಬೆಳ್ಳಗೆ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಇದ್ದಿಲು ಸುಡುವವನು ಒಬ್ಬನೇ ಬಂದು ಗೆರೆಯ ಆಚೆ ಕುಕ್ಕರುಗಾಲಲ್ಲಿ ಕುಳಿತ.

“ಅವ್ವಾ, ಒಂದು ಸಲ ನೋಡಲಾ?”

ಅವಳು ಬುಟ್ಟಿ ಎತ್ತಿದಳು.

“ಇಷ್ಟೇನಾ! ನನ್ನ ಕಿವಿಗಿಂತ ಸಣ್ಣದು.”

“ಹೊಟ್ಟೆ ತುಂಬಲಿ ಅಂತ ತಿನ್ನೋದಲ್ಲ ಅದನ್ನ.”

“ಮಳೆ ಬಿದ್ದಾಗಲೆಲ್ಲ ನನ್ನ ಗೂಡಿನ ಸುತ್ತ ಇವು ಬುಟ್ಟಿಗಟ್ಟಲೆ ಏಳ್ತವೆ. ಉಪ್ಪು ಮೆಣಸಿನಕಾಯಿ ಹಾಕಿ ಹುರ್ಕೊಂಡು ತಿಂತೀವಿ ನಾವಿಬ್ಬರೂ.”

“ಥೂ, ಬಾಯಿ ಮುಚ್ಚು. ಯಾರಾದರೂ ಕೇಳಿಸ್ಕೊಂಡಾರು.”

“ಕೇಳಿಸ್ಕೊಳ್ಳಲಿ ಬಿಡವ್ವ. ತಿಂದಷ್ಟು ಸಲ ಊರು ಬಿಡೋದಾಗಿದ್ರೆ ನಾನು ಇಷ್ಟು ಹೊತ್ತಿಗೆ ಸಮುದ್ರ ದಾಟಿರಬೇಕಿತ್ತು.” ಅವನು ನಕ್ಕ. ಆಮೇಲೆ ನಗು ಬಿಟ್ಟು ನೆಲ ನೋಡಿದ. “ತಿನ್ನೋಕೆ ಹೆದರಿಕೆ ಇಲ್ಲ. ಹೋಗೋದಕ್ಕೆ ಹೆದರಿಕೆ. ನನ್ನ ಹೆಂಡತಿ ಗೂಡಿನ ಮೇಲೆ ಹತ್ತಿ ಮಣ್ಣು ಮೆತ್ತುತಾಳೆ. ಒಳಗೆ ಕಟ್ಟಿಗೆ ಕುಸಿಯೋ ಮುಂಚೆ ಗುಮ್ ಅಂತ ಸದ್ದು ಬರತ್ತೆ. ಆಗ ಮೇಲಿರೋರು ಹಾರ್ಕೋಬೇಕು, ಇಲ್ಲದಿದ್ರೆ ಕೆಂಡದೊಳಗೆ. ಸದ್ದು ನನಗೆ ಕೇಳತ್ತೆ. ನಾನು ಕೈ ಬೀಸ್ತೀನಿ, ಅವಳು ಹಾರ್ತಾಳೆ. ಇಪ್ಪತ್ತು ವರ್ಷ ಹಿಂಗೇ. ನಾನು ಹೋದ ಮೇಲೆ ಯಾರು ಕೈ ಬೀಸ್ತಾರೆ?”

“ಹಂಗಿದ್ರೆ ನಾಳೆ ಬರಬೇಡ.”

“ಬರದಿದ್ರೆ ಗೂಡು ಒಡೆದು ಇಬ್ಬರನ್ನೂ ಓಡಿಸ್ತಾರಂತೆ. ಬಂದು ತಿಂದರೆ ಅವಳನ್ನ ಇರೋಕೆ ಬಿಡ್ತಾರಂತೆ. ಯಜಮಾನ್ರೇ ಬಂದು ಹೇಳಿ ಹೋದರು.”

ಅವನು ಎದ್ದ. ಎದ್ದವನು ಹೋಗಲಿಲ್ಲ.

“ಅವ್ವಾ, ಬೂದಿ ಕಾಯೋಳಿಗೆ ಗೊತ್ತಾಗತ್ತೆ ಅಂತಾರೆ. ಹೆಜ್ಜೆ ನೋಡಿ, ಗಾಳಿ ನೋಡಿ. ಯಾರು ಹಚ್ಚಿದ್ದು?”

ಅವಳು ಬುಟ್ಟಿಯನ್ನು ಮತ್ತೆ ಕವುಚಿದಳು. ಅದರ ಅಂಚಿಗೆ ಬೂದಿ ಒತ್ತಿದಳು. ಒತ್ತಿದ್ದನ್ನೇ ಮತ್ತೆ ಒತ್ತಿದಳು.

“ಗೊತ್ತಿಲ್ಲಪ್ಪ,” ಎಂದಳು.

ಸಂಜೆಗೆ ಮನೆಗೆ ಹೋದಾಗ ಸೂಲಗಿತ್ತಿ ಕೂಸನ್ನು ತನ್ನ ರವಿಕೆಯೊಳಗೆ ಎದೆಗೊತ್ತಿಕೊಂಡು ಕುಳಿತಿದ್ದಳು. ಬಾಣಂತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊರಗೆ ಬೆಳಕು ಇನ್ನೂ ಇತ್ತು. ದೀಪವಿಲ್ಲದ ಮನೆಯೊಳಗೆ ಆಗಲೇ ಕತ್ತಲೆ.

“ತುಟಿ ನೋಡಕ್ಕ,” ಎಂದಳು ಸೂಲಗಿತ್ತಿ. “ನೇರಳೆ ಹಣ್ಣು ತಿಂದಂಗಾಗಿದೆ. ಅಳೋಕೂ ಶಕ್ತಿ ಇಲ್ಲ. ನಾಳೆ ಸಂಜೆಗೆ ಬೆಂಕಿ ಬಂದರೆ ಉಳಿಸ್ಕೋತೀನಿ. ನಾಳಿದ್ದು ಅಂದರೆ ನನ್ನ ಕೈಲಿಲ್ಲ.”

“ನಾಳೆ ಬರತ್ತೆ. ಅವನು ಒಪ್ಪಿದಾನೆ.”

“ಯಾವುದನ್ನ ಒಪ್ಪಿದಾನೆ?”

ಅವಳು ಕೋಲನ್ನು ಮೂಲೆಗೆ ಒರಗಿಸಿದಳು.

“ಒಲೆ ಹೊತ್ತಿಸಿದ್ದು ನಾನು,” ಎಂದಳು ಸೂಲಗಿತ್ತಿ. “ನಾಳೆ ನಾನೇ ಅಂತ ಹೇಳಿಬಿಡ್ತೀನಿ.”

“ನೀನು ಹೋದರೆ ಈ ಊರಲ್ಲಿ ಹೆರೋರ ಗತಿ ಏನು? ಕುಂಬಾರಗಿತ್ತಿಗೆ ಇವತ್ತೋ ನಾಳೆಯೋ.”

“ಹಂಗಿದ್ರೆ ಹೇಳಕ್ಕ, ಯಾರು ಹೋಗಬೇಕು? ಬೇಡವಾದೋರೇ ಹೋಗಬೇಕಾ?” ಸೂಲಗಿತ್ತಿಯ ದನಿ ಏರಲಿಲ್ಲ. “ಈ ಕೂಸನ್ನ ಹೊರಗೆ ಎಳೆದ ಕೈ ಇದು. ಇದು ಬೆಳೀತದೆ, ಅಜ್ಜೀ ಅಂತ ನಿನ್ನ ತೊಡೆ ಹತ್ತುತ್ತದೆ. ಆವತ್ತು ನಿನಗೆ ಇದರ ಮುಖ ಕಾಣತ್ತಾ, ಆ ಕಿವುಡಿಯ ಮುಖ ಕಾಣತ್ತಾ, ಅದೊಂದು ನೋಡ್ಕೋ.”

ಬೂದಿ ಕಾಯುವವಳು ಕೂಸಿನ ಪಾದ ಮುಟ್ಟಿದಳು. ನದಿಯ ಕಲ್ಲು ಮುಟ್ಟಿದ ಹಾಗಾಯಿತು. ಒಬ್ಬ ತಿಂದರೆ ಈ ಪಾದ ಬೆಚ್ಚಗಾಗುತ್ತದೆ. ಯಾರು ತಿಂದರೂ ಬೆಚ್ಚಗಾಗುತ್ತದೆ. ಹಾಗೆ ಅಂದುಕೊಂಡೇ ಅವಳು ಮಲಗಿದಳು, ಹಾಗೆ ಅಂದುಕೊಂಡೇ ಎದ್ದಳು.

ಮೂರನೆಯ ದಿನ ಅಣಬೆಯ ಅಂಚು ಒಳಕ್ಕೆ ಮಡಚಿತು. ಊರೆಲ್ಲ ಬಂದು ಗೆರೆಯ ಆಚೆ ನಿಂತಿತು. ಹೆಂಗಸರು ಪುರಳೆಕಡ್ಡಿಯನ್ನೂ ಕಿಡಿ ಹಾರಿಸುವ ಬೆಣಚುಕಲ್ಲನ್ನೂ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ಮುಗಿದ ಕೂಡಲೇ ಓಡಬೇಕಲ್ಲ.

ಇದ್ದಿಲು ಸುಡುವವನು ಸ್ನಾನ ಮಾಡಿ ಬಂದಿದ್ದ. ಅವನ ಮೈಬಣ್ಣ ಇಂಥದ್ದು ಎಂದು ಊರು ನೋಡಿದ್ದು ಅವತ್ತೇ. ಅವನ ಹೆಂಡತಿ ಎಲ್ಲರ ತುಟಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಇಲ್ಲಿ ಏನು ನಡೆಯುತ್ತದೆಂದು ಅವನು ಅವಳಿಗೆ ಹೇಳಿರಲಿಲ್ಲ.

ಅವನು ಗೆರೆ ದಾಟಿ ಬೂದಿಯ ಮೇಲೆ ಬಂದು ಮೊಣಕಾಲೂರಿದ. ಬೂದಿ ಕಾಯುವವಳು ಊರಿಗೆ ಬೆನ್ನು ಹಾಕಿ, ಬೆಟ್ಟಕ್ಕೆ ಮುಖ ಮಾಡಿ ನಿಂತು, ಅಣಬೆಯನ್ನು ಕಿತ್ತು ಅಂಗೈಯಲ್ಲಿ ಹಿಡಿದಳು.

“ಹಚ್ಚಿದವರು ಯಾರು?”

“ನಾನು,” ಎಂದ ಅವನು.

“ಹಚ್ಚಿದವರು ಯಾರು?”

“ನಾನು.”

ಹೆಂಡತಿಗೆ ಅವನ ತುಟಿ ಓದಲು ಬರುತ್ತಿತ್ತು. ಅವಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಮಾತಲ್ಲದ, ಅಳುವಲ್ಲದ ಸದ್ದು. ಅವಳು ಎರಡೂ ಕೈಗಳನ್ನು ಮೇಲೆತ್ತಿ ಬೀಸತೊಡಗಿದಳು, ಗೂಡಿನ ಮೇಲೆ ನಿಂತವರಿಗೆ ಬೀಸುವ ಹಾಗೆ. ಹಾರು, ಹಾರು, ಹಾರು.

ಬೂದಿ ಕಾಯುವವಳಿಗೆ ಆ ಸದ್ದು ಬೆನ್ನಿಗೆ ತಾಗಿತು. ಮೂರನೆಯ ಸಲ ಕೇಳಲೇಬೇಕಿತ್ತು, ಕೇಳಿದಳು.

“ಹಚ್ಚಿದವರು ಯಾರು?”

ಅವನು ಬಾಯಿ ತೆರೆಯುವ ಮೊದಲೇ ಹೇಳಿದಳು:

“ನಾನು.”

ಗೆರೆಯ ಆಚೆ ನಿಂತವರು ಒಂದು ಹೆಜ್ಜೆ ಮುಂದೆ ಸರಿದರು.

“ಏನಂದೆ ಅಕ್ಕಾ?” ಎಂದ ಯಜಮಾನ.

“ಕೇಳಿದ್ದಕ್ಕೆ ಉತ್ತರ ಹೇಳಿದೆ. ಮೂರು ಸಲ ಬೇಕಲ್ಲ, ತಗೊಳ್ಳಿ: ನಾನು, ನಾನು. ಗಾಳಿಯ ದಿನ ನಮ್ಮ ಮನೇಲಿ ಹೆರಿಗೆಯಾಯ್ತು. ನೀರು ನಸುಕಿಗೆ ಕಾಯಿಸಿದ್ದಲ್ಲ, ಆಗಲೇ ಕಾಯಿಸಿದ್ದು. ಅದರ ಬೂದಿ ನಾನು ತೂರಿದೆ. ನಾಲ್ಕನೇ ಹಿಡಿಯಲ್ಲಿ ಕಿಡಿ ಇತ್ತು. ಬೆಟ್ಟಕ್ಕೆ ಬಿದ್ದದ್ದು ನೋಡಿದೆ. ನೋಡಿ ಸುಮ್ಮನಿದ್ದೆ.”

“ಬಾಣಂತಿ ಬೂದಿ ಎಲ್ಲರೂ ತೂರ್ತಾರೆ!” ಎಂದಳು ಒಬ್ಬಳು. “ಅದು ಹಚ್ಚಿದಂಗಾಗತ್ತಾ?”

“ಅದು ಗಾಳಿ ಮಾಡಿದ್ದು,” ಎಂದ ಇನ್ನೊಬ್ಬ.

ಯಜಮಾನ ಎದ್ದು ಗೆರೆಯ ತನಕ ಬಂದ. ದನಿ ತಗ್ಗಿಸಿದ. “ಅಕ್ಕಾ, ನೀನು ನಮ್ಮೋಳು. ನಿನ್ನ ಕೈ ತಪ್ಪಿದ್ದನ್ನ ತಪ್ಪು ಅನ್ನೋಕಾಗಲ್ಲ. ಅವನು ಎರಡು ಸಲ ಒಪ್ಪಿಯಾಗಿದೆ. ಮೂರನೇದನ್ನೂ ಅವನೇ ಹೇಳ್ತಾನೆ. ಹೊತ್ತು ಇಳೀತಾ ಐತೆ. ನಿನ್ನ ಮೊಮ್ಮಗನ್ನ ನೆನಸ್ಕೋ.”

ಜನರೆಲ್ಲ ‘ಹೌದು ಹೌದು’ ಎಂದರು. ಕರು ಕಳೆದುಕೊಂಡವನೂ ಹೌದು ಎಂದ. ಇದ್ದಿಲು ಸುಡುವವನು ಮೊಣಕಾಲೂರಿದಲ್ಲೇ ತಲೆಯೆತ್ತಿ ಅವಳನ್ನು ನೋಡಿದ. ಅವನು ಬೇಡಲಿಲ್ಲ. ಬೇಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತೋ ಏನೋ.

ಅವಳ ಅಂಗೈಯಲ್ಲಿ ಅಣಬೆ ನೀರೊಡೆಯಲು ಶುರುವಾಗಿತ್ತು.

“ಗಾಳಿಗೆ ಬಾಯಿಲ್ಲ ಯಜಮಾನ್ರೇ,” ಎಂದಳು. “ತಿನ್ನೋಕೆ ಬಾಯಿ ಬೇಕು. ಆ ಬಾಯಿ ನನ್ನದು.”

“ನಿನ್ನ ಬಾಯಿಗೆ ಇಡೋರು ಯಾರು? ಇಡಬೇಕಾದೋಳು ನೀನೇ. ತನ್ನ ಕೈಯಿಂದ ತಾನೇ ತಿನ್ನೋ ಹಂಗಿಲ್ಲ.”

ಹೊತ್ತು ಮೋಡದ ಹಿಂದೆ ಇಳಿಯುತ್ತಿತ್ತು. ಅಣಬೆಯ ನೀರು ಬೆರಳ ಸಂದಿಯಿಂದ ಒಂದು ಹನಿ ಬಿತ್ತು.

ಆಗ ಸೂಲಗಿತ್ತಿ ಜನರನ್ನು ಮೊಣಕೈಯಿಂದ ಸರಿಸಿ ಬಂದಳು. ಎದೆಯಲ್ಲಿದ್ದ ಕೂಸನ್ನು ಕಿವುಡಿಯ ಕೈಯಲ್ಲಿಟ್ಟಳು. ಕಿವುಡಿ ಬೀಸುವುದನ್ನು ನಿಲ್ಲಿಸಿ ಕೂಸನ್ನು ಹಿಡಿದುಕೊಂಡಳು. ಸೂಲಗಿತ್ತಿ ಗೆರೆ ದಾಟಿದಳು. ಬೂದಿಯ ಮೇಲೆ ಅವಳ ಹೆಜ್ಜೆ ಬಿದ್ದವು. ಯಾರೋ ‘ಏಯ್’ ಎಂದರು.

“ಈ ಊರಲ್ಲಿ ನನ್ನ ಬೆರಳು ಚೀಪದ ಬಾಯಿ ಯಾವುದಿದೆ?” ಎಂದಳು ತಿರುಗದೆ. “ನಿಮ್ಮದೂ ಸೇರಿ ಯಜಮಾನ್ರೇ. ನಾನು ಇಟ್ಟರೆ ಆಗತ್ತೆ.”

ಮೊದಲು ಕಿರುಬೆರಳನ್ನು ಅಣಬೆಯ ನೀರಿನಲ್ಲಿ ಅದ್ದಿ, ಹುಟ್ಟಿದ ಕೂಸಿಗೆ ಜೇನು ಮುಟ್ಟಿಸುವ ಹಾಗೆ, ಬೂದಿ ಕಾಯುವವಳ ತುಟಿಗೆ ಮುಟ್ಟಿಸಿದಳು. ಆಮೇಲೆ ಅಣಬೆಯನ್ನು ನಾಲಿಗೆಯ ಮೇಲಿಟ್ಟಳು.

“ನಿನ್ನ ಬೆಂಕಿ ನಿನ್ನ ಹೊಟ್ಟೆಗೆ,” ಎಂದಳು. ಕಟ್ಟಳೆಯ ಮಾತು ಅಷ್ಟೇ. ಆದರೆ ಅವಳು ಇನ್ನೊಂದನ್ನು ಸೇರಿಸಿದಳು: “ಕೂಸನ್ನ ನಾನು ನೋಡ್ಕೋತೀನಿ ಹೋಗಕ್ಕ.”

ಬೂದಿ ಕಾಯುವವಳು ನುಂಗಿದಳು. ಕೋಲನ್ನು ಬೂದಿಯಲ್ಲಿ ನೆಟ್ಟು ನಡೆದಳು.

ಸುಟ್ಟ ಬೆಟ್ಟ ಹತ್ತುವುದು ಕಷ್ಟ. ಹಿಡಿಯಲು ಒಂದು ಗರಿಕೆಯೂ ಇರುವುದಿಲ್ಲ, ಒದ್ದೆ ಬೂದಿ ಕಾಲಡಿ ಜಾರುತ್ತದೆ. ಹಿಂದೆ ಜನ ಓಡುವ ಸದ್ದು ಕೇಳಿಸಿತು, ಬಾಗಿಲು ತೆರೆಯುವ ಸದ್ದು ಕೇಳಿಸಿತು. ಅವಳು ತಿರುಗಲಿಲ್ಲ. ಕೊಟ್ಟಿಗೆಯ ಆಚೆ ಎಲ್ಲಿ ನೋಡಿದರೂ ಕೆಂಡಣಬೆಗಳು ಎದ್ದಿದ್ದವು. ಗೂಟದ ಬುಡದಲ್ಲಿ ಮೊದಲು ಕಂಡದ್ದನ್ನೇ ಅವಳು ಮೂರು ದಿನ ಕಾದಿದ್ದಳು. ಇವಕ್ಕೆ ಬುಟ್ಟಿಯಿಲ್ಲ, ಕಾವಲಿಲ್ಲ, ತಿನ್ನುವವರಿಲ್ಲ.

ಅರ್ಧ ಬೆಟ್ಟ ಹತ್ತಿದಾಗ ಸುಡದೆ ಉಳಿದ ಹುಲ್ಲಿನ ಅಂಚಿನಲ್ಲಿ ಇದ್ದಿಲು ಸುಡುವವನು ಏದುಸಿರು ಬಿಡುತ್ತ ಬಂದ. ಬೂದಿಗೆ ಕಾಲಿಡದೆ ಪಕ್ಕಪಕ್ಕದಲ್ಲೇ ನಡೆದ.

“ಅವ್ವಾ, ನಿಲ್ಲು. ಒಂದು ಮಾತಿದೆ. ನಾನು ಊರಿಗೆ ಮುಖ ಮಾಡಿ ಮೊಣಕಾಲೂರಿದ್ದೆ, ನೀನು ಬೆನ್ನು ಹಾಕಿದ್ದೆ. ನಾನು ಎರಡನೇ ಸಲ ‘ನಾನು’ ಅಂದ ಕೂಡಲೇ ಯಜಮಾನ್ರ ಮನೆ ಮೇಲೆ ಹೊಗೆ ಎದ್ದಿತು. ಕಣ್ಣಾರೆ ಕಂಡೆ. ಇನ್ನೂ ಯಾರೂ ತಿಂದಿರಲಿಲ್ಲ. ಒಲೆ ಚೆನ್ನಾಗೇ ಹೊತ್ತಿತು ಅವ್ವಾ. ಕಟ್ಟಳೆ ಗಿಟ್ಟಳೆ ಎಲ್ಲ ಸುಳ್ಳು. ಬಾ, ವಾಪಸ್ ಹೋಗೋಣ. ನಾನು ಎಲ್ಲರೆದುರು ಹೇಳ್ತೀನಿ.”

ಅವಳು ನಿಂತಳು. ಕತ್ತಿನ ನರ ಸೆಟೆಯಿತು, ಆದರೆ ಮುಖ ಬೆಟ್ಟದ ಕಡೆಯೇ ಇತ್ತು.

“ಅವರ ಮನೆ ಹೊಗೆ ಯಾವಾಗಾದರೂ ಏಳಲಿ,” ಎಂದಳು. “ಬೂದಿ ತೂರಿದ್ದು ನಾನೇ ತಾನೆ?”

ಅವನು ಪಕ್ಕದ ಹುಲ್ಲನ್ನು ಕಿತ್ತು ಎಸೆದ.

“ನಮ್ಮ ಮನೆ ನೋಡು. ಅಲ್ಲಿ ಏನಾದರೂ ಕಾಣತ್ತಾ?”

ಅವನು ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ತುಂಬ ಹೊತ್ತು ನೋಡಿದ. ಅವಳು ಬೆರಳಿಗೆ ಬೆರಳು ಹೆಣೆದು ಕಾದಳು. ಇಷ್ಟು ಕಷ್ಟದ ಕಾವಲನ್ನು ಅವಳು ಎಂದೂ ಕಾದಿರಲಿಲ್ಲ.

“ಇಲ್ಲವ್ವ,” ಎಂದ. ಆಮೇಲೆ, “ತಡಿ... ಎದ್ದಿತು. ದಾರದಂಗೆ.”

“ಆಮೇಲೆ?”

“ದಪ್ಪಗಾಯ್ತು. ಹಂಚಿನ ಸಂದಿಯಿಂದೆಲ್ಲ ಬರ್ತಾ ಐತೆ. ದೊಡ್ಡ ಹಂಡೆ ಇಟ್ಟಂಗೈತೆ.”

“ಒಣ ಪುರಳೆ ಅಟ್ಟದ ಮೇಲಿದೆ,” ಎಂದಳು ಅವಳು, ಅವನಿಗಲ್ಲ. ಆಮೇಲೆ ಅವನಿಗೆ ಹೇಳಿದಳು: “ಹೋಗಪ್ಪ, ನಿನ್ನ ಹೆಂಡತಿ ಕಾಯ್ತಿರ್ತಾಳೆ.”

ಅವನು ಹೋದನೋ ಇಲ್ಲವೋ ಅವಳು ನೋಡಲಿಲ್ಲ. ಹತ್ತಿದಳು. ಬೆಟ್ಟದ ಆಚೆಯಿಂದ ಗಾಳಿ ಅವಳ ಮುಖಕ್ಕೇ ಬೀಸುತ್ತಿತ್ತು. ಅಷ್ಟೊಂದು ಒಲೆಗಳ ಹೊಗೆಯಲ್ಲಿ ಒಂದೆಳೆಯೂ ಅವಳ ಮೂಗಿನ ತನಕ ಬರಲಿಲ್ಲ.